ಸಾಲಿಲ್ಲದ ಹೊಲದ ಬದು

ಘನವಸ್ತುಗಳ ಭೌತಶಾಸ್ತ್ರದಲ್ಲಿ ಮೊದಲ ಪಾಠವೇ ಸಾಲಿನ ಪಾಠ. ಹರಳಿನೊಳಗಿನ ಪರಮಾಣುಗಳು ಕೂರಿಗೆಯಿಂದ ಬಿತ್ತಿದ ಜೋಳದಂತೆ ಸಮ ಅಂತರದಲ್ಲಿ ನಿಂತಿರುತ್ತವೆ. ಒಂದು ತುಣುಕು ಗೊತ್ತಾದರೆ ಇಡೀ ಹೊಲ ಗೊತ್ತಾದಂತೆ. 1928ರಲ್ಲಿ ಫೆಲಿಕ್ಸ್ ಬ್ಲಾಖ್ ಎಲೆಕ್ಟ್ರಾನುಗಳ ಲೆಕ್ಕವನ್ನು ಕಟ್ಟಿದ್ದು ಈ ಪುನರಾವರ್ತನೆಯ ಮೇಲೆಯೇ.

1982ರಲ್ಲಿ ಡಾನ್ ಶೆಕ್ಟ್‌ಮನ್ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಬೇರೆಯದನ್ನು ಕಂಡರು. ಅಲ್ಲಿ ಕ್ರಮವಿತ್ತು, ಪುನರಾವರ್ತನೆ ಇರಲಿಲ್ಲ. ಅದೇ ಕ್ವಾಸಿಕ್ರಿಸ್ಟಲ್. ಮೊದಲು ಯಾರೂ ನಂಬಲಿಲ್ಲ. 2011ರಲ್ಲಿ ನೊಬೆಲ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮತ್ತು ಸಂಗಡಿಗರು 1985ರಷ್ಟು ಹಿಂದೆಯೇ ಇಂಥ ಮಿಶ್ರಲೋಹಗಳ ಅಧ್ಯಯನದಲ್ಲಿ ತೊಡಗಿದ್ದರು.

ನನ್ನ ಸಂಶೋಧನೆ ಇದರ ಮುಂದಿನ ಪ್ರಶ್ನೆಯದು. ಟೋಪಾಲಜಿಯ ಗುಣವೆಂದರೆ ಇಡಿಯ ಗುಣ. ಉದ್ದಿನ ವಡೆಯನ್ನು ಎಷ್ಟು ಒತ್ತಿದರೂ, ಹರಿಯದ ಮತ್ತು ಮುಚ್ಚದ ತನಕ ತೂತು ಒಂದೇ. ಟೋಪಾಲಜಿಕಲ್ ನಿರೋಧಕಗಳನ್ನು ಗುರುತಿಸುವುದೂ ಇಂಥದೊಂದು ಎಣಿಕೆಯಿಂದ. ಅವುಗಳ ಒಡಲಲ್ಲಿ ವಿದ್ಯುತ್ ಹರಿಯದು, ಅಂಚಿನಲ್ಲಿ ಹರಿಯುತ್ತದೆ. ಆದರೆ ಆ ಎಣಿಕೆಯ ವಿಧಾನ ಬಹುಕಾಲ ಸಾಲುಗಳನ್ನೇ ನಂಬಿತ್ತು. ಸಾಲೇ ಇಲ್ಲದಿದ್ದರೆ?

2017ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧಿಪ್ ಅಗರವಾಲಾ ಮತ್ತು ವಿಜಯ್ ಶೆಣೈ ಈ ಪ್ರಶ್ನೆಯನ್ನು ಕೊನೆಯವರೆಗೂ ಒಯ್ದರು. ಬಿಂದುಗಳನ್ನು ಯಾದೃಚ್ಛಿಕವಾಗಿ, ಕೈಯಿಂದ ಚೆಲ್ಲಿದ ಬೀಜದಂತೆ ಹರಡಿದ ಒಂದು ಮಾದರಿ ಅವರದು. ಲೆಕ್ಕ ಹಾಕಿದಾಗ ಅಲ್ಲೂ ಅಂಚಿನ ಹರಿವು ಕಂಡಿತು. ಬಿಂದುಗಳು ತೀರಾ ವಿರಳವಾದರೆ ಮಾತ್ರ ಆ ಗುಣ ಉಳಿಯದು.

ರಜೆಗೆ ಯಾವಗಲ್‌ಗೆ ಹೋದಾಗಲೆಲ್ಲ ಅಪ್ಪ ಕೇಳುತ್ತಾರೆ: "ಏನ್ ಓದಾಕತ್ತೀ ತಮ್ಮಾ, ನನಗೂ ಒಂದೀಟು ಹೇಳು." ಕನ್ನಡ ಶಾಲೆಯಲ್ಲಿ ಕಲಿತವನು ನಾನು. ಇಷ್ಟು ವರ್ಷದ ಓದು ಅಪ್ಪನ ಮುಂದೆ ಬಾಯಿಗೆ ಬರದಿದ್ದರೆ ಅದು ಎಷ್ಟರಮಟ್ಟಿಗೆ ನನ್ನದು ಎಂಬ ಅಳುಕು. ಕಳೆದ ಸಲ ಕೂರಿಗೆ, ಚೆಲ್ಲಿದ ಬೀಜ, ಬದುವಿನ ಮೇಲಿನ ಕಾಲುದಾರಿ ಎಂದೆಲ್ಲ ಹೇಳಿದೆ. ಬದು ಕುಸಿದರೂ ದಾರಿ ನಿಲ್ಲುವುದಿಲ್ಲ ಎಂದೆ.

ಅಪ್ಪ ಬೆಣ್ಣೆಹಳ್ಳದ ಕಡೆ ಕೈ ತೋರಿಸಿದರು. "ಹಳ್ಳ ಹೊಲಾನ ಕೊರದ್ರ ಬದು ಎಲ್ಲಿ ಹೋಗತೈತಿ? ಒಳಗ ಸರೀತೈತಿ. ಹೊಲ ಇರೂತನಕಾ ಬದು ಇದ್ದ ಇರತೈತಿ."

ಅಂಚಿನ ಹರಿವನ್ನು ಯಾರೂ ಬೇರೆಯಾಗಿ ಮಾಡಿ ಅಂಟಿಸಿರುವುದಿಲ್ಲ. ಒಡಲಿನ ಗುಣವೇ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಂಚನ್ನು ಕತ್ತರಿಸಿದರೆ ಹೊಸ ಅಂಚಿನಲ್ಲಿ ಅದು ಮತ್ತೆ ಹರಿಯುತ್ತದೆ. ಅಪ್ಪ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ. ಹೋಲಿಕೆಗೂ ಮಿತಿಯಿದೆ, ನಿಜ. ಬದುವಿನ ಮೇಲೆ ನಡೆಯುವವನು ಮನಸ್ಸು ಮಾಡಿದರೆ ಹಿಂದಿರುಗಬಹುದು. ಇಂಥ ಕೆಲವು ವಸ್ತುಗಳ ಅಂಚಿನಲ್ಲಿ ಎಲೆಕ್ಟ್ರಾನಿಗೆ ಆ ಅವಕಾಶವಿಲ್ಲ.

ಪ್ರಬಂಧವನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಈಗ ಪ್ರತಿ ಅಧ್ಯಾಯಕ್ಕೂ ಮೊದಲು ಕನ್ನಡದಲ್ಲಿ ಒಂದು ಪುಟ ಬರೆದುಕೊಳ್ಳುತ್ತೇನೆ. ಆ ಪುಟದಲ್ಲಿ ಪೆನ್ನು ನಿಂತ ಜಾಗದಿಂದಲೇ ಮರುದಿನದ ಲೆಕ್ಕ ಶುರು.