ಪಿ.ಡಿ. ಮೇಷ್ಟ್ರ ಲೆಕ್ಕ

ನಮ್ಮ ಬಾಳೆಲೆಯಲ್ಲಿ ಹಾಕಿ ಕೋಲು ಹಿಡಿಯದವರನ್ನು ಹುಡುಕುವುದು ಕಾಫಿ ಕುಡಿಯದವರನ್ನು ಹುಡುಕಿದಷ್ಟೇ ಕಷ್ಟ. ಆಡಿದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಆಡಿಸಿದವರ ಹೆಸರು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ಭಾರತ ತಂಡಕ್ಕೆ ನಮ್ಮ ಕೊಡಗಿನ ಎಂ.ಪಿ. ಗಣೇಶ್ ನಾಯಕರಾಗಿದ್ದರೆಂದು ಎಲ್ಲರಿಗೂ ಗೊತ್ತು. ಮುಂದೆ ಅವರೇ ಭಾರತ ತಂಡದ ತರಬೇತುದಾರರೂ ಆಗಿದ್ದರೆಂಬುದು ಎಷ್ಟೋ ಜನಕ್ಕೆ ನೆನಪೇ ಇಲ್ಲ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಅಕ್ಕನ ಮಗನಿಂದ. ಡಿಗ್ರಿ ಮುಗಿಸಿದವನು, 'ಮಾವ, ಬಿ.ಪಿ.ಎಡ್., ಎಂ.ಪಿ.ಎಡ್. ಮಾಡಿ ಕಾಲೇಜಿನಲ್ಲಿ ಕೋಚ್ ಆಗ್ತೇನೆ' ಎಂದ. 'ಸೀಟಿ ಊದಿ ಹೊಟ್ಟೆ ತುಂಬುತ್ತದೆಯೇ?' ಎಂದರು ಭಾವ. ಹುಡುಗ ಸುಮ್ಮನಾಗಲಿಲ್ಲ, ಅಮೆರಿಕವನ್ನೇ ಎಳೆದು ತಂದ.

ಅಲ್ಲಿ ಫುಟ್‌ಬಾಲ್ ಎಂದರೆ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಹಲವು ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಕಾಲೇಜಿನ ಫುಟ್‌ಬಾಲ್ ಕೋಚಿಗೇ; ರಾಜ್ಯದ ಗವರ್ನರಿಗೂ ಅಷ್ಟಿಲ್ಲ. ಆದರೆ ಒಂದೆರಡು ವರ್ಷ ಸೋತರೆ ಮನೆಗೆ ಕಳಿಸಿಬಿಡುತ್ತಾರೆ. ನಮ್ಮಲ್ಲಿ ಗೆದ್ದರೂ ಸೋತರೂ ಸಂಬಳ ಅಷ್ಟೇ. ಯಾವುದು ಮೇಲು, ನೀವೇ ಹೇಳಿ.

ಅವನು ಹೇಳಿದ ಸಂಬಳಕ್ಕಿಂತ ನನಗೆ ಹಿಡಿಸಿದ್ದು ಎಡ್ಡಿ ರಾಬಿನ್ಸನ್ ಎಂಬ ಕೋಚಿನ ಕತೆ. ಲೂಸಿಯಾನದ ಗ್ರ್ಯಾಂಬ್ಲಿಂಗ್ ಎಂಬ ಕರಿಯರ ಕಾಲೇಜಿಗೆ 1941ರಲ್ಲಿ, 22ನೆಯ ವಯಸ್ಸಿನಲ್ಲಿ ಸೇರಿ, 1997ರವರೆಗೆ ಅಲ್ಲಿಯೇ ಇದ್ದರು. ಮೊದಮೊದಲು ಮೈದಾನದ ಹುಲ್ಲು ಕತ್ತರಿಸುವವರೂ ಅವರೇ, ಗೆರೆ ಹಾಕುವವರೂ ಅವರೇ. ಹೊರಗಿನ ಪಂದ್ಯಕ್ಕೆ ಹೋದರೆ ಬಿಳಿಯರ ಹೋಟೆಲಿನಲ್ಲಿ ಹುಡುಗರಿಗೆ ಊಟ ಸಿಗದ ಕಾಲ. ಹಾಗಾಗಿ ಬ್ರೆಡ್ಡಿನ ಬುತ್ತಿಯನ್ನೂ ಅವರೇ ಕಟ್ಟುತ್ತಿದ್ದರು. ಒಟ್ಟು 408 ಪಂದ್ಯ ಗೆದ್ದರು. ಅವರ ಶಿಷ್ಯರಲ್ಲಿ 200ಕ್ಕೂ ಹೆಚ್ಚು ಮಂದಿ ಹಣ ಪಡೆದು ಆಡುವ ದೊಡ್ಡ ತಂಡಗಳಿಗೆ ಸೇರಿದರು. ಹೀಗಿದ್ದೂ ಕೊನೆಯ ಮೂರು ವರ್ಷ ಗೆಲುವಿಗಿಂತ ಸೋಲೇ ಹೆಚ್ಚು.

ಇದನ್ನು ಕೇಳುತ್ತ ನನಗೆ ನಮ್ಮ ಪಿ.ಡಿ. ಮೇಷ್ಟ್ರು ನೆನಪಾದರು. ನಾನು ಓದುವಾಗ ನಮ್ಮ ಕಾಲೇಜು ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅಂತರ ಕಾಲೇಜು ಪಂದ್ಯಕ್ಕೆ ಘಟ್ಟ ಇಳಿಯುವ ದಿನ ಮೇಷ್ಟ್ರ ಮನೆಯಿಂದ ಹದಿನಾರು ಪೊಟ್ಟಣ ಚಿತ್ರಾನ್ನ ಬರುತ್ತಿತ್ತು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಸೀಳಿದ ಕೋಲಿಗೆ ಸೈಕಲ್ ಟ್ಯೂಬ್ ಸುತ್ತುವುದು, ಸ್ವಾತಂತ್ರ್ಯ ದಿನದ ಪೆರೇಡು, ಚುನಾವಣೆಯ ಡ್ಯೂಟಿ, ಎಲ್ಲ ಅವರ ತಲೆಗೇ. ಮಳೆಗಾಲದಲ್ಲಿ ಮೈದಾನ ಕೆರೆಯಾದಾಗ ಕಾಲೇಜಿನ ವರಾಂಡದಲ್ಲೇ ಪಾಸು ಕೊಡಿಸುತ್ತಿದ್ದರು. ಒಮ್ಮೆ ನನ್ನ ಮೊಣಕಾಲಿಗೆ ಏಟಾದಾಗ ಕೊನೆಯ ಬಸ್ಸಿನಲ್ಲಿ ಬಾಳೆಲೆಗೆ ಕರೆತಂದು, ಅವ್ವನ ಕೈಗೆ ನನ್ನನ್ನು ಒಪ್ಪಿಸಿ, ರಾತ್ರಿ ನಮ್ಮ ಜಗಲಿಯಲ್ಲೇ ಮಲಗಿ ಬೆಳಗಿನ ಬಸ್ಸು ಹಿಡಿದರು. ನಿವೃತ್ತಿಯ ದಿನ ಒಂದು ಶಾಲು, ಒಂದು ಹಾರ. ಅವರು ಗೆಲ್ಲಿಸಿದ ಪಂದ್ಯ ಎಷ್ಟೆಂದು ಯಾರೂ ಬರೆದಿಟ್ಟಿರಲಿಲ್ಲ.

ಆ ಲೆಕ್ಕ ನನಗೆ ಸಿಕ್ಕಿದ್ದು ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ. ರಾಬಿನ್ಸನ್ ನಿವೃತ್ತರಾದ 1997ರಲ್ಲೇ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಹಬ್ಬವಿದು; 2024ರಲ್ಲಿ ನಾಪೋಕ್ಲಿಗೆ ಬಂದದ್ದು 360 ತಂಡ. ಮೇಷ್ಟ್ರು ಶಾಮಿಯಾನದ ಕೆಳಗೆ ಕೂತಿದ್ದರು. ಎರಡು ತಂಡಗಳಲ್ಲೂ ಅವರ ಶಿಷ್ಯರು. ಒಂದರಲ್ಲಿ ಶಿಷ್ಯ, ಶಿಷ್ಯನ ಮಗಳು ಇಬ್ಬರೂ. ಯಾರು ಗೋಲು ಹೊಡೆದರೂ ಚಪ್ಪಾಳೆ ತಟ್ಟುತ್ತಿದ್ದರು. 'ಸಾರ್, ನೀವು ಯಾರ ಕಡೆ?' ಎಂದೆ. 'ಬಗ್ಗಿ ಆಡುವವರ ಕಡೆ ಮಾರಾಯ. ಆ ಹುಡುಗಿ ನೋಡು, ಅವಳಪ್ಪನಿಗೆ ಎಷ್ಟು ಹೇಳಿದರೂ ಬಗ್ಗಲಿಲ್ಲ, ಇವಳು ಬಗ್ಗುತ್ತಾಳೆ' ಎಂದರು.

ಹುಡುಗನಿಗೆ ಇದಿಷ್ಟನ್ನೂ ಹೇಳಿದೆ. 'ಅಮೆರಿಕದ ಸಂಬಳ ಮರೆತುಬಿಡು. ಹೆಸರೂ ಬರಲಿಕ್ಕಿಲ್ಲ. ಚಿತ್ರಾನ್ನ ಕಟ್ಟುವ ಮನಸ್ಸಿದ್ದರೆ ಹೋಗು' ಎಂದೆ. ಮರುದಿನವೇ ಅರ್ಜಿ ಹಾಕಿದ. ಭಾವ ನನ್ನೊಡನೆ ಮಾತು ಬಿಟ್ಟು ಇಂದಿಗೆ ಎಂಟು ದಿನ.