ಗಳಗನಾಥದ ದಾರಿಯಲ್ಲಿ ಸೈಕಲ್ ಸವಾರ

ಸಾಗರದ ಸೀಮೆಯಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಬಯಲಿಗಿಳಿದು ಬರುವ ವರದಾ ನದಿಯು ತುಂಗಭದ್ರೆಯನ್ನು ಕೂಡಿಕೊಳ್ಳುವ ಸ್ಥಳವೇ ಗಳಗನಾಥ. ಹಾವೇರಿ ತಾಲ್ಲೂಕಿನ ಈ ಪುಟ್ಟ ಗ್ರಾಮದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ, 11ನೆಯ ಶತಮಾನದ ಗಳಗೇಶ್ವರ ದೇವಾಲಯವಿದೆ. ಗರ್ಭಗುಡಿಯ ಗೋಡೆಗೆ ಒತ್ತಾಗಿ, ಬುಡದಲ್ಲಿ ಅಗಲವಾಗಿ ಮೇಲೇರುತ್ತ ಕಿರಿದಾಗುವ ಕಲ್ಲಿನ ಕಟ್ಟೆ ಇದರ ವೈಶಿಷ್ಟ್ಯ. ಇಂಥದು ಬೇರೆಡೆ ಕಾಣಸಿಗುವುದು ಅಪರೂಪ.

ಕಾರಿನಲ್ಲಿ ಬಂದವರಿಗೆ ದೇವಾಲಯ ಕಾಣುತ್ತದೆ. ಸೈಕಲ್ಲಿನಲ್ಲಿ ಬಂದವರಿಗೆ ದಾರಿಯೂ ಕಾಣುತ್ತದೆ. ಹಾವೇರಿಯಿಂದ ಪೂರ್ವಕ್ಕೆ ಗುತ್ತಲದತ್ತ ಹೊರಟರೆ ಎರೆಭೂಮಿಯ ಹೊಲಗಳು, ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಬೆಳೆಗಳು ಜೊತೆ ನಡೆಯುತ್ತವೆ. ಸವಾರಿ ಹಿತವಾದದ್ದು. ಆದರೆ ಬೆನ್ನ ಹಿಂದೆ ಲಾರಿಯ ಹಾರ್ನ್ ಮೊಳಗಿತೆಂದರೆ ಆ ಹಿತವೆಲ್ಲ ಒಂದು ಕ್ಷಣದಲ್ಲಿ ಹಾರಿಹೋಗುತ್ತದೆ. “ಏ, ಬಾಜೂಕ ಸರಿಯೋ!” ಎಂಬ ಗದರಿಕೆ ಕಿವಿಗೆ ತಲುಪುವಷ್ಟರಲ್ಲಿ ಗಾಡಿ ಮೊಣಕೈ ಸವರಿಕೊಂಡು ಮುಂದೆ ಹೋಗಿರುತ್ತದೆ, ಧೂಳು ಮಾತ್ರ ಸವಾರನ ಪಾಲಿಗೆ ಉಳಿಯುತ್ತದೆ.

ಈ ದಾರಿಯನ್ನು ಬಲ್ಲ ಸವಾರನು ಹೆದರಿ ಡಾಂಬರಿನ ಅಂಚಿಗೇ ಅಂಟಿಕೊಂಡು ಸಾಗುವುದಿಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅಂಥ ನೆಲದಲ್ಲಿ ರಸ್ತೆಯ ಅಂಚು ಬೇಗ ಮುರಿಯುತ್ತದೆ. ಅಲ್ಲಿ ಗಾಲಿ ಜಾರಿದರೆ ಸವಾರನು ಬೀಳುವುದು ಹೊಲದ ಕಡೆಗೋ ಲಾರಿಯ ಕಡೆಗೋ ಹೇಳಬರುವುದಿಲ್ಲ. ಮೇಲಾಗಿ, ಅಂಚಿನಲ್ಲಿರುವವನನ್ನು ಕಂಡ ಚಾಲಕನು ಎದುರಿನಿಂದ ಗಾಡಿ ಬರುತ್ತಿದ್ದರೂ ನುಸುಳಿಬಿಡಬಹುದೆಂದು ಭಾವಿಸುತ್ತಾನೆ. ಆದಕಾರಣ ಅಂಚಿನಿಂದ ಒಂದು ಮೊಳವಾದರೂ ಒಳಗೆ, ಎಡಬದಿಯಲ್ಲೇ, ನೇರವಾಗಿ ಸಾಗುವುದು ಕ್ಷೇಮಕರ. ತಗ್ಗು ತಪ್ಪಿಸಬೇಕಾದಾಗ ಹಿಂದೆ ನೋಡಿ, ಕೈ ಚಾಚಿ ಸೂಚನೆ ಕೊಡಬೇಕು. ಇಕ್ಕಟ್ಟಾದ ಸೇತುವೆಯ ಬಳಿ ದೊಡ್ಡ ಗಾಡಿ ಬರುತ್ತಿದ್ದರೆ ಇಳಿದು ನಿಲ್ಲುವುದರಲ್ಲಿ ಅವಮಾನವೇನೂ ಇಲ್ಲ. ಸಂಜೆಯಾದ ಮೇಲೆ ಹಿಂದೊಂದು ಕೆಂಪು ದೀಪ, ಮೈಮೇಲೊಂದು ಬಿಳಿಯ ಅಂಗಿ ಇರಲೇಬೇಕು.

ಬೈಗುಳಕ್ಕೆ ಬೈಗುಳದಿಂದಲೇ ಉತ್ತರ ಕೊಡುವುದಂತೂ ಅವಿವೇಕ. ಎರಡು ಗಾಲಿಯ ಮೇಲಿನ ಕೋಪಕ್ಕೂ ಹತ್ತು ಗಾಲಿಯ ಮೇಲಿನ ಕೋಪಕ್ಕೂ ಸಮವಿಲ್ಲ. ಗಾಡಿಯ ನಂಬರನ್ನು ನೆನಪಿಟ್ಟುಕೊಂಡು 112ಕ್ಕೆ ತಿಳಿಸುವುದೇ ಮೇಲು. ಅಪಾಯಕರ ಚಾಲನೆಗೆ 1988ರ ಮೋಟಾರು ವಾಹನ ಕಾಯಿದೆಯ 184ನೆಯ ಕಲಮಿನಲ್ಲಿ ಶಿಕ್ಷೆಯಿದೆ. 2019ರ ತಿದ್ದುಪಡಿಯು ನಿಯಮ ಮೀರಿ ಹಿಂದಿಕ್ಕುವುದನ್ನೂ ಅದರಲ್ಲಿ ಹೆಸರಿಸಿತು. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಆ ಕಲಮು ಹೇಳುತ್ತದೆ.

ವೇಗವು ಪಡೆಯುವ ಬಲಿ ಎಷ್ಟೆಂಬುದನ್ನು ಈ ಜಿಲ್ಲೆ ಕಣ್ಣಾರೆ ಕಂಡಿದೆ. 2024ರ ಜೂನ್ 28ರ ನಸುಕಿನಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಅಪ್ಪಳಿಸಿ 13 ಜನ ಪ್ರಾಣ ತೆತ್ತರು. ದೇವರ ದರ್ಶನ ಮುಗಿಸಿ ಮನೆಗೆ ಮರಳುತ್ತಿದ್ದವರು ಅವರು. ನಾಲ್ಕು ಗಾಲಿಯ, ಮೇಲೊಂದು ಛಾವಣಿಯ ಗಾಡಿಗೇ ಈ ಗತಿಯಾದರೆ, ಬರಿಯ ಮೈಯನ್ನೇ ಕವಚವೆಂದು ನಂಬಿ ಹೊರಟ ಸವಾರನ ಪಾಡೇನು!

ನಿಧಾನವಾಗಿ ಸಾಗುವವನು ಈ ನಾಡಿನ ರಸ್ತೆಗಳಿಗೆ ಹೊಸಬನಲ್ಲ. ಈ ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡು ‘ಗಳಗನಾಥ’ರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕನ್ನಡಕ್ಕೆ ಕಾದಂಬರಿಗಳ ರಾಶಿಯನ್ನೇ ಕೊಟ್ಟವರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು, ಊರೂರು ಅಲೆದು ಮಾರಿದವರು. ಕನ್ನಡಿಗರಿಗೆ ಓದುವ ರುಚಿ ಹತ್ತಿದ್ದು ಇಂಥ ಕಾಲುದಾರಿಯ ಶ್ರಮದಿಂದ. ಮುಂದೆ 2006–07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದಾಗ, ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಇಂಥ ದಾರಿಗಳಲ್ಲೇ ಪ್ರೌಢಶಾಲೆಗೆ ಹೊರಟರು. ಮೈಗೆ ಒರಸಿಕೊಂಡು ಹೋಗುವ ಒಂದು ಗಾಡಿಗೆ ಹೆದರಿ ತಾಯಿಯೊಬ್ಬಳು “ಇನ್ನು ಸೈಕಲ್ ಬ್ಯಾಡವ್ವಾ” ಎಂದರೆ, ಆ ಹುಡುಗಿಯ ಓದು ಅಲ್ಲಿಗೇ ನಿಲ್ಲಬಹುದು. ಚಾಲಕನ ಅರೆಗಳಿಗೆಯ ಆತುರಕ್ಕೆ ಇಷ್ಟು ದೊಡ್ಡ ಬೆಲೆಯುಂಟು.

ರಜೆಯ ದಿನ ಬುತ್ತಿ ಕಟ್ಟಿಕೊಂಡು ಗಳಗನಾಥಕ್ಕೆ ಕಾರಿನಲ್ಲಿ ಹೊರಡುವ ಪಟ್ಟಣದ ಕುಟುಂಬಗಳು ಇದನ್ನು ಮರೆಯಬಾರದು. ಒರಟುತನ ಲಾರಿಯವನದೊಂದೇ ಸ್ವತ್ತಲ್ಲ. ಊಟದ ಹೊತ್ತಾಯಿತೆಂದು ಹಾರ್ನ್ ಒತ್ತುವ ಸಭ್ಯ ಗೃಹಸ್ಥನೂ ಸವಾರನ ಬೆನ್ನಿಗೆ ಲಾರಿಯೇ ಆಗುತ್ತಾನೆ. ಎದುರಿನ ದಾರಿ ತೆರವಾಗುವವರೆಗೆ ಅವನ ಹಿಂದೆ ನಿಧಾನವಾಗಿ ಸಾಗಿ, ಆಮೇಲೆ ಕೈಯಳತೆಗಿಂತ ಹೆಚ್ಚು ಅಂತರ ಬಿಟ್ಟು ಮುಂದೆ ಹೋದರೆ ಕಳೆಯುವುದು ಅರ್ಧ ನಿಮಿಷ. ಒಂಬತ್ತು ನೂರು ವರ್ಷಗಳಿಗೂ ಮಿಕ್ಕಿ ನಿಂತಿರುವ ಗಳಗೇಶ್ವರನು ಅಷ್ಟು ಹೊತ್ತು ಖಂಡಿತವಾಗಿಯೂ ಕಾಯುತ್ತಾನೆ.