ಮೋರೇರ ಮನೆಯಿಂದ ಹಂದಿಗೋಡಿಗೆ

ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ಕೋಟೆಗಾಗಿಯೂ ನರಸಿಂಹಸ್ವಾಮಿಗಾಗಿಯೂ ನೆನೆಯುವವರೇ ಹೆಚ್ಚು. ಅಲ್ಲಿನ ಬೃಹತ್ ಶಿಲಾ ಸಮಾಧಿಗಳನ್ನು ಕುರಿತು ಬ್ರಾನ್‌ಫಿಲ್ 1881ರಷ್ಟು ಹಿಂದೆಯೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದಿದ್ದನು. ಕಬ್ಬಿಣ ಯುಗದ ಇಂತಹ ಸಮಾಧಿಗಳು ನಾಡಿನ ಉದ್ದಗಲಕ್ಕೂ ಇವೆ. ದಕ್ಷಿಣದ ಹಲವೆಡೆ ಜನರು ಅವುಗಳಿಗೆ ಪಾಂಡವರ ಹೆಸರನ್ನಿಟ್ಟರು. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಕಡೆಯವರಾದರೋ ಅವನ್ನು ‘ಮೋರೇರ ಮನೆ’ ಎಂದು ಕರೆದು, ಮೋರೇರೆಂಬ ಗಿಡ್ಡ ಜನಾಂಗವೊಂದನ್ನೇ ಕಲ್ಪಿಸಿಕೊಂಡರು. ಚಪ್ಪಡಿಯಲ್ಲಿ ಕೊರೆದ ಅಷ್ಟು ಕಿರಿದಾದ ಕಿಂಡಿಯಲ್ಲಿ ನುಸುಳುತ್ತಿದ್ದವರು ಮತ್ತಿನ್ನೆಂಥವರಾಗಿದ್ದಾರು? ಈ ತರ್ಕದಲ್ಲಿ ಒಂದು ಚೆಲುವಿದೆ. ಅದು ಮನೆಯಲ್ಲ, ಆಯ್ದ ಮೂಳೆಗಳನ್ನೂ ಮಡಕೆಗಳನ್ನೂ ಇರಿಸುವ ಗೋರಿ ಎಂಬುದೊಂದೇ ಅದರ ತೊಡಕು.

ಜೈನ ಲೋಕವರ್ಣನೆಯನ್ನು ಓದಿದವರಿಗೆ ಇಂತಹ ಕಲ್ಪನೆ ಅಪರಿಚಿತವಲ್ಲ. ಅವಸರ್ಪಿಣಿ ಇಳಿದಂತೆ ಮನುಷ್ಯರ ಎತ್ತರವೂ ಇಳಿಯುತ್ತದೆ. ಆರನೆಯ ಕಾಲದ ಕೊನೆಗೆ ಅವರು ಒಂದು ಮೊಳದವರಾಗುತ್ತಾರೆ, ಪ್ರಳಯದ ಮಳೆಗಳಿಗೆ ಅಂಜಿ ಗುಹೆಗಳನ್ನು ಸೇರುತ್ತಾರೆ. ಇಲ್ಲಿಯೂ ಗಿಡ್ಡತನ ಒಬ್ಬನದಲ್ಲ, ಒಂದು ಯುಗದ್ದು.

ಆದರೆ ಅದೇ ಪರಂಪರೆಯ ಕರ್ಮಶಾಸ್ತ್ರ ಬೇರೊಂದು ದಾರಿ ಹಿಡಿಯಿತು. ಅದು ದೇಹದ ಆಕಾರಗಳನ್ನು ಆರು ಸಂಸ್ಥಾನಗಳಾಗಿ ವಿಂಗಡಿಸಿತು: ಸಮಚತುರಸ್ರ, ನ್ಯಗ್ರೋಧಪರಿಮಂಡಲ, ಸ್ವಾತಿ, ಕುಬ್ಜ, ವಾಮನ, ಹುಂಡಕ. ಎಲ್ಲ ಅಂಗೋಪಾಂಗಗಳೂ ಮೋಟಾಗಿರುವುದು ವಾಮನ. ಇವು ನಾಮಕರ್ಮದ ಭೇದಗಳು. ಚಾವುಂಡರಾಯನ ಗುರು ನೇಮಿಚಂದ್ರರ ಗೊಮ್ಮಟಸಾರದಲ್ಲಿ ಸಂತಾನಕ್ರಮದಿಂದ ಬರುವ ಆಚರಣೆಗೆ ಗೋತ್ರವೆಂದು ಹೆಸರು. ಅದು ಬೇರೆಯೇ ಕರ್ಮ. ಅಂದರೆ ಮೈಯ ಅಳತೆ ಒಂದು ಲೆಕ್ಕದಲ್ಲಿ, ಕುಲದ ಮೇಲುಕೀಳು ಇನ್ನೊಂದು ಲೆಕ್ಕದಲ್ಲಿ. ಐವತ್ತೇಳು ಅಡಿಯ ಬಾಹುಬಲಿಯನ್ನು ಕಡೆಸಿದವನ ಗುರು ವಾಮನನಿಗೂ ಒಂದು ಲಕ್ಷಣವಾಕ್ಯವನ್ನು ಒದಗಿಸಿಕೊಂಡಿದ್ದ ಶಾಸ್ತ್ರವನ್ನು ಸಂಗ್ರಹಿಸಿದ್ದು ಗಮನಾರ್ಹ.

ಈ ವಿಂಗಡಣೆಯ ಬೆಲೆ ತಿಳಿಯಬೇಕಾದರೆ ಸಾಗರ ತಾಲ್ಲೂಕಿನ ಹಂದಿಗೋಡಿಗೆ ಬರಬೇಕು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಕೂಲಿಕಾರ ಕುಟುಂಬಗಳಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಸವೆಯುವ ರೋಗವೊಂದು ವೈದ್ಯರ ಕಣ್ಣಿಗೆ ಬಿತ್ತು. ಅದರ ಒಂದು ಬಗೆಯಲ್ಲಿ ದೇಹವೇ ಗಿಡ್ಡಾಗುತ್ತದೆ. ರೋಗಿಗಳು ಬಹುಪಾಲು ಚಲವಾದಿ ಮತ್ತು ಚನ್ನಂಗಿ ಸಮುದಾಯದವರು. ಮೊದಲ ಅನುಮಾನ ಅವರ ಊಟದ ಮೇಲೆ: ಕೀಟನಾಶಕ ಬೆರೆತ ಗದ್ದೆಯ ಏಡಿ, ಮೀನುಗಳನ್ನು ತಿಂದುದರಿಂದ ಹೀಗಾಯಿತೆಂದು. ಬಡವನ ತಟ್ಟೆಯನ್ನು ಶಂಕಿಸುವುದು ಯಾವಾಗಲೂ ಸುಲಭ. ಮುಂದಿನ ವಂಶಾವಳಿಯ ಅಧ್ಯಯನಗಳು ಇದು ಅನುವಂಶೀಯವೆಂದೂ, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕೆಂದೂ ತೋರಿಸಿದವು.

ಹಾಗೆಂದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕ ನೆಟ್ಟಗೆ ಗದ್ದೆಗೆ ನಡೆದಾಳು, ತಮ್ಮ ಗೋಡೆ ಹಿಡಿದು ಏಳಬೇಕಾದೀತು. ಮೋರೇರ ಕಥೆಯಲ್ಲಿ ಎಲ್ಲರೂ ಗಿಡ್ಡರು, ಆದುದರಿಂದ ಅಲ್ಲಿ ಯಾರೂ ಗಿಡ್ಡರಲ್ಲ. ಹಂದಿಗೋಡಿನ ತಮ್ಮನಿಗೆ ಆ ಸೌಕರ್ಯವಿಲ್ಲ. ಅಕ್ಕನ ಸಂಬಂಧ ಕೇಳಲು ಬಂದವರು ಅವಳ ನಡಿಗೆಯನ್ನು ನೋಡಿಯೂ ಒಮ್ಮೆ ಅವನ ಕಡೆ ತಿರುಗುತ್ತಾರೆ. ರೋಗಕ್ಕೆ ಊರಿನ ಹೆಸರೇ ನಿಂತಿರುವುದರಿಂದ, ಆ ಊರಿನವರೆಂದು ಹೇಳಿಕೊಂಡ ಮಾತ್ರಕ್ಕೇ ಅವರು ಮುಂದಿನ ಪ್ರಶ್ನೆಗೆ ಸಿದ್ಧರಾಗಿರಬೇಕಾಗುತ್ತದೆ.